ಹಿರಿಯರ ಮೌನ ಸಮಾಧಾನವಲ್ಲ



ಬಾಯಿಬಿಟ್ಟು ಬೇಡಿದ ಮೇಲೆ ನೀಡಿದರೆ ಅದು ಭಿಕ್ಷೆ. ಮುಖ ನೋಡಿ ಹಸಿವನ್ನರಿತು ನೀಡಿದರೆ ಅದು ದಾಸೋಹ. ಅನ್ನಕ್ಕೆ ಸಲ್ಲುವ ಈ ಮಾತು ನೋವಿಗೂ ಸಲ್ಲುತ್ತದೆ. ಹೇಳಿಕೊಳ್ಳಲಾಗದವರ ನೋವನ್ನು ಕೇಳದೆಯೇ ಅರಿಯಬೇಕಾದವರು ನಾವು.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ನಾವು ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಸಾಲಾಗಿ ಕುಳಿತ ಹಿರಿಯರಿಗೆ ಹಣ್ಣು, ವಿಭೂತಿ ಕೊಡುತ್ತ ಬಂದಾಗ ಒಬ್ಬ ತಾಯಿಯ ಮುಂಗೈ ಕಪ್ಪುಗಟ್ಟಿ ಬಾತಿರುವುದು ಕಂಡಿತು. ‘ಏನಾತವ್ವಾ?’ ಎಂದೆವು. ಆಕೆ ಬಾಗಿಲಲ್ಲಿ ನಿಂತಿದ್ದ ಕೆಲಸದವಳ ಕಡೆಗೊಮ್ಮೆ ನೋಡಿ, ‘ಏನಿಲ್ರಿ ಅಜ್ಜಾರ, ಬಚ್ಚಲದಾಗ ಜಾರಿ ಬಿದ್ದೆ’ ಎಂದರು. ನಾವು ನಂಬಿ ಮುಂದೆ ನಡೆದೆವು. ಮೂರು ತಿಂಗಳ ಬಳಿಕ ಮಗಳ ಮನೆ ಸೇರಿದ್ದ ಆ ತಾಯಿ ಮಠಕ್ಕೆ ಬಂದಾಗ ನಿಜ ಹೊರಬಿತ್ತು. ಹಾಸಿಗೆ ಒದ್ದೆಯಾದ ರಾತ್ರಿ ಕೈ ತಿರುಚಿ ಎಬ್ಬಿಸಿದ್ದರಂತೆ. ‘ಅವತ್ತ ಯಾಕ ಹೇಳಲಿಲ್ಲವ್ವಾ?’ ಎಂದು ಕೇಳಿದೆವು. ‘ನೀವು ಹೋಗಾವ್ರು ಅಜ್ಜಾರ, ನಾ ಅಲ್ಲೇ ಇರಬೇಕಿತ್ತಲ್ರಿ’ ಎಂದರು.

ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. ಬೈದ ಬಾಯಿಯೇ ನಾಳೆ ಊಟಕ್ಕೆ ಕರೆಯಬೇಕು, ತಿರುಚಿದ ಕೈಯೇ ಸ್ನಾನ ಮಾಡಿಸಬೇಕು. ದೂರು ಹೇಳಿದರೆ ಕರೆದಾಗ ಬರಲಿಕ್ಕಿಲ್ಲ, ನೀರು ತಡವಾದೀತು ಎಂಬ ಅಂಜಿಕೆ. ಮಗನಿಗೆ ಹೇಳೋಣವೆಂದರೆ ಅವನ ಸಂಸಾರಕ್ಕೆ ಮತ್ತೆ ಭಾರವಾಗುವೆನೇನೋ ಎಂಬ ಸಂಕೋಚ. ಊರಿಗೆ ತಿಳಿದರೆ ಮನೆತನದ ಮರ್ಯಾದೆ ಹೋದೀತೆಂಬ ಚಿಂತೆ. ಮರೆವು ಹಿಡಿದವರು ಹೇಳಿದರೂ ‘ಅರಳು ಮರಳು’ ಎಂದು ಜನ ತಳ್ಳಿಹಾಕುತ್ತಾರೆ. ಪಾರ್ಶ್ವವಾಯುವಿನಿಂದ ಮಾತು ನಿಂತವರಂತೂ ಹೇಳಲಾರರು.

ಇನ್ನು ಕೆಲವರಿಗೆ ತಮಗಾದದ್ದು ಅನ್ಯಾಯವೆಂದೇ ತೋರುವುದಿಲ್ಲ. ಹೊಡೆದರೆ ಮಾತ್ರ ಹಿಂಸೆಯೆಂದು ತಿಳಿದಿರುತ್ತಾರೆ. ಲಿಂಗಪೂಜೆಯಾಗದೆ ಪ್ರಸಾದ ಮುಟ್ಟದ ಹಿರಿಯರೊಬ್ಬರಿಗೆ ಹೊತ್ತೇರುವವರೆಗೆ ಸ್ನಾನದ ನೀರು ಕೊಡದೆ, ‘ಉಂಡರೆ ಉಣ್ಣು, ಬಿಟ್ಟರೆ ಬಿಡು’ ಎಂದು ತಟ್ಟೆ ಎತ್ತಿಕೊಂಡು ಹೋದರೆ ಅದು ಹಿಂಸೆಯಲ್ಲವೇ? ಪಿಂಚಣಿ ಹಣ ಕಸಿಯುವುದು, ಗದರಿಸುವುದು, ಔಷಧ ತಪ್ಪಿಸುವುದು, ಒದ್ದೆ ಬಟ್ಟೆಯಲ್ಲಿ ಬಿಡುವುದು ಎಲ್ಲವೂ ಹಿಂಸೆಯೇ.

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಹಿರಿಯರ ಮೇಲೆ ನಡೆಯುವ 24 ದೌರ್ಜನ್ಯಗಳಲ್ಲಿ ಹೊರಗೆ ಬರುವುದು ಒಂದು ಮಾತ್ರ. ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ತಾವು ಹಾಗೆ ನಡೆದುಕೊಂಡಿದ್ದುಂಟೆಂದು ತಾವೇ ಒಪ್ಪಿದ್ದಾರೆ. ಅವರೆಲ್ಲರೂ ಕ್ರೂರಿಗಳೆನ್ನಲಾಗದು. ಹಗಲಿರುಳು ಹಲವರನ್ನು ಒಬ್ಬರೇ ನೋಡಿಕೊಳ್ಳುವಾಗ ತಾಳ್ಮೆ ಕೆಡುತ್ತದೆ. ಕಾರಣ ಏನೇ ಇರಲಿ, ನೋಯುವ ಜೀವಕ್ಕೆ ನೋವು ನೋವೇ.

‘ಪಡೆದು ಬಂದದ್ದು, ಅನುಭವಿಸಬೇಕು’ ಎಂದು ಬಹಳ ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಬಂಧುಗಳೇ, ಇದು ಧರ್ಮವಲ್ಲ. ವೀರಶೈವದ ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಶಿವನಿಗೆ, ಶಿವಭಕ್ತರಿಗೆ ಆಗುವ ಅವಮಾನವನ್ನು ಕಂಡು ಸುಮ್ಮನಿರಬಾರದೆಂಬುದು ಅದರ ತಿರುಳು. ಎದೆಯ ಮೇಲೆ ಲಿಂಗ ಧರಿಸಿದ ಮುದಿಜೀವಕ್ಕೆ ಆಗುವ ಅವಮಾನ ಲಿಂಗಕ್ಕೇ ಆಗುವ ಅವಮಾನ. ಸೇವೆ ಮಾಡುವವರಿಗೆ ಭೃತ್ಯಾಚಾರವಿದೆ: ತಾನು ಎಲ್ಲರ ಆಳೆಂಬ ವಿನಯ. ಆಶ್ರಮ ನಡೆಸುವವರು ಅದನ್ನು ಮರೆಯಬಾರದು. ಬಂಧುಗಳು ಗಣಾಚಾರವನ್ನು ಮರೆಯಬಾರದು.

ಹಾಗಾದರೆ ಮಾಡಬೇಕಾದ್ದೇನು? ತಂದೆತಾಯಿ ಆಶ್ರಮದಲ್ಲಿದ್ದರೆ ಹಬ್ಬಕ್ಕೊಮ್ಮೆ ಹೋಗಿ ಬರುವುದು ಸಾಲದು. ಹೇಳದೆ ಕೇಳದೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿರಿ. ಕೆಲಸದವರ ಎದುರಿಗೆ ಕೇಳಬೇಡಿರಿ. ಅಂಗಳಕ್ಕೆ ಕರೆತಂದು ಒಬ್ಬರನ್ನೇ ಕೂಡಿಸಿಕೊಂಡು ಮಾತನಾಡಿರಿ. ‘ಚೆನ್ನಾಗಿದ್ದೀಯಾ?’ ಎಂದರೆ ‘ಹೂಂ’ ಎಂಬ ಉತ್ತರವೇ ಬರುತ್ತದೆ. ‘ರಾತ್ರಿ ಎಚ್ಚರವಾದರೆ ಯಾರು ಬರುತ್ತಾರೆ? ಯಾರನ್ನು ಕಂಡರೆ ಅಂಜಿಕೆ?’ ಎಂದು ಕೇಳಿರಿ. ಮೈಮೇಲಿನ ಗುರುತು, ತೂಕ, ಬಟ್ಟೆ ನೋಡಿರಿ. ಹೇಳಿಕೊಂಡರೆ ಮೊದಲು ನಂಬಿರಿ. ಅವರನ್ನು ಅದೇ ಕೈಗಳಲ್ಲಿ ಬಿಟ್ಟು ಜಗಳ ತೆಗೆಯಬೇಡಿರಿ. ಮೊದಲು ಸುರಕ್ಷಿತ ಜಾಗಕ್ಕೆ ಕರೆತನ್ನಿರಿ.

ಕಾನೂನಿನ ಬಲವೂ ಇದೆ. 14567 ಎಂಬುದು ಹಿರಿಯರ ಉಚಿತ ಸಹಾಯವಾಣಿ. ಹೊಡೆತ ಬಡಿತವಾದರೆ 112ಕ್ಕೆ ಕರೆ ಮಾಡಿರಿ. ಹೊಲ ಮನೆ ಬರೆದುಕೊಟ್ಟಾಗಿದೆ, ಇನ್ನೆಲ್ಲಿಗೆ ಹೋಗಲಿ ಎಂದು ಮೌನವಾಗಿರುವವರೂ ಉಂಟು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬಂದ ಮೇಲೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವಿಷಯದಲ್ಲಿ ಆ ಷರತ್ತು ಮುರಿದರೆ, ಪತ್ರವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು.

ಅಂದು ಆ ತಾಯಿಯನ್ನು ನಾವು ಎಲ್ಲರೆದುರು ಕೇಳಿದ್ದು ನಮ್ಮದೇ ತಪ್ಪು. ಈಗ ಯಾವ ವೃದ್ಧಾಶ್ರಮಕ್ಕೆ ಹೋದರೂ ಹಣ್ಣು ಹಂಚಿ ತಿರುಗಿ ಬರುವುದಿಲ್ಲ. ಒಬ್ಬೊಬ್ಬರ ಬಳಿ ಕುಳಿತು ಏಳುತ್ತೇವೆ. ನೀವೂ ಹಾಗೆಯೇ ಕುಳಿತುಕೊಳ್ಳಿರಿ.