ಪಿಂಗಾಣಿ ಒಡೆದಾಗ

ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆದಾಗ ಮಣ್ಣಿನಡಿಯಿಂದ ಹಳೆಯ ಮಡಕೆಗಳ ಚೂರುಗಳೂ ಹೊರಬಂದವು. ಅಂಥ ಚೂರುಗಳನ್ನು ಕೂಡಿಸುವ ತಜ್ಞರು, ಬೇಕೆಂದಾಗ ಕರಗಿಸಿ ಬಿಡಿಸಬಹುದಾದ ಅಂಟನ್ನೇ ಸಾಮಾನ್ಯವಾಗಿ ಆರಿಸುವರು, ತಪ್ಪಿದರೆ ತಿದ್ದಬಹುದಷ್ಟೆ. ಸುತ್ತಣ ಸಿಂಧನೂರು, ಲಿಂಗಸುಗೂರುಗಳ ಮನೆಗಳಲ್ಲಿ ಅಜ್ಜಿಯ ಕಾಲದ ಪಿಂಗಾಣಿ ಬಟ್ಟಲು ಒಡೆದರೆ ಒದಗುವುದು ಎರಡು ಕೊಳವೆಗಳ ಎಪಾಕ್ಸಿ ಅಂಟು. ಅದಕ್ಕೆ ಈ ಔದಾರ್ಯವಿಲ್ಲ. ಒಮ್ಮೆ ಗಟ್ಟಿಯಾದರೆ ಬಿಡಿಸುವುದು ಬಲು ಕಷ್ಟ.

ಆದುದರಿಂದ ಚೂರುಗಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಮೊದಲು ಅಂಟಿಲ್ಲದೆಯೇ ಜೋಡಿಸಿ ನೋಡಿ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಅನಂತರ ಅಂಚಿಗೆ ತೆಳುವಾಗಿ ಲೇಪಿಸಿ, ಒತ್ತಿ, ಟೇಪು ಸುತ್ತಿ, ಮರಳು ತುಂಬಿದ ಪಾತ್ರೆಯಲ್ಲಿ ಒಂದು ದಿನ ಅಲುಗದಂತೆ ಊರಿಡಬೇಕು. ಹೀಗೆ ಕೂಡಿದ ಬಟ್ಟಲು ಗೂಡಿನಲ್ಲಿ ಶೋಭಿಸೀತು. ಬಿಸಿ ಸಾರಿಗೆ ಸಲ್ಲದು. ಅಂಟು ಕಾವಿಗೆ ಮೆತ್ತಗಾಗುವುದು, ಊಟದ ಪಾತ್ರೆಗೆಂದು ಮಾಡಿದ್ದೂ ಅದಲ್ಲ.