ಬೆಳೆ ಸಮೀಕ್ಷೆ ಆ್ಯಪ್: ಲಾಗಿನ್ ಸ್ಥಿತಿ ಬದಲಾದಾಗ ವಹಿಸಬೇಕಾದ ಎಚ್ಚರಿಕೆ

ರಾಜ್ಯದಲ್ಲಿ 2020ರ ಮುಂಗಾರು ಹಂಗಾಮಿನಿಂದ ರೈತರೇ ತಮ್ಮ ಜಮೀನಿನ ಬೆಳೆ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ವ್ಯವಸ್ಥೆ ಜಾರಿಯಲ್ಲಿದೆ. ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ ಹಾಗೂ ಬೆಳೆಹಾನಿ ಪರಿಹಾರಕ್ಕೆ ಈ ಮಾಹಿತಿ ಬಳಕೆಯಾಗುತ್ತದೆ. ಜಕ್ಕೂರು, ಯಲಹಂಕದಂತಹ ನಗರದಂಚಿನ ಪ್ರದೇಶಗಳಲ್ಲಿ ಹಿರಿಯರ ಹೆಸರಿನ ಜಮೀನಿನ ಸಮೀಕ್ಷೆಯನ್ನು ಮಕ್ಕಳ ಫೋನಿನಲ್ಲಿ ಮಾಡುವುದುಂಟು. ಒಂದೇ ಫೋನನ್ನು ಹಲವರು ಬಳಸುವಾಗ ಲಾಗಿನ್ ಸ್ಥಿತಿಯ ಬಗ್ಗೆ ತಿಳಿವಳಿಕೆ ಅಗತ್ಯ.

ಲಾಗಿನ್ ಸ್ಥಿತಿ ಎಂದರೇನು?

ನೀವು ಒಟಿಪಿ ನಮೂದಿಸಿದಾಗ ಸರ್ವರ್ ನಿಮ್ಮನ್ನು ಗುರುತಿಸಿ, ಫೋನಿಗೆ ಒಂದು ಗುರುತಿನ ಚೀಟಿಯನ್ನು ಕಳುಹಿಸುತ್ತದೆ. ಪ್ರತಿ ಬಾರಿ ಒಟಿಪಿ ಕೇಳದೆ ಆ್ಯಪ್ ತೆರೆದುಕೊಳ್ಳುವುದು ಈ ಚೀಟಿಯಿಂದಲೇ. ಅವಧಿ ಮುಗಿದಾಗ, ಲಾಗ್ ಔಟ್ ಮಾಡಿದಾಗ ಅಥವಾ ಬೇರೊಬ್ಬರು ಲಾಗಿನ್ ಆದಾಗ ಈ ಚೀಟಿಯು ರದ್ದಾಗುತ್ತದೆ ಇಲ್ಲವೇ ಬದಲಾಗುತ್ತದೆ. ಅವಧಿ ಮುಗಿದ ಬಳಿಕವೂ ಕೆಲವು ಆ್ಯಪ್‌ಗಳಲ್ಲಿ ಹಳೆಯ ಪುಟಗಳು ಕಾಣಿಸುತ್ತವೆ. ಆದರೆ ಸರ್ವರ್ ಹೊಸ ಮಾಹಿತಿಯನ್ನು ಸ್ವೀಕರಿಸುವುದಿಲ್ಲ.

ನಷ್ಟ ಹೇಗಾಗುತ್ತದೆ?

ಹೊಲದಲ್ಲಿ ತೆಗೆದ ಛಾಯಾಚಿತ್ರವು ಅಪ್‌ಲೋಡ್ ಆಗುವವರೆಗೆ ಫೋನಿನಲ್ಲಿ ಮಾತ್ರ ಇರುತ್ತದೆ. ಅದಕ್ಕೆ ಮೊದಲೇ ಲಾಗ್ ಔಟ್ ಮಾಡಿದರೆ ಅಥವಾ ಆ್ಯಪ್ ಅಳಿಸಿದರೆ ದಾಖಲೆ ಕಳೆದುಹೋಗುವ ಸಂಭವವಿದೆ. ನವೆಂಬರ್-ಡಿಸೆಂಬರ್‌ನಲ್ಲಿ ರಾಗಿ ಕಟಾವಾದ ಮೇಲೆ ಮತ್ತೆ ಛಾಯಾಚಿತ್ರ ತೆಗೆಯಲು ಹೊಲದಲ್ಲಿ ಬೆಳೆಯೇ ಇರುವುದಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಹೊಲಕ್ಕೆ ಹೋಗುವ ಮುನ್ನ ಆ್ಯಪ್ ತೆರೆದು, ಯಾರ ಹೆಸರು ಮತ್ತು ಯಾವ ಸರ್ವೆ ನಂಬರ್ ಇದೆ ಎಂಬುದನ್ನು ಪರಿಶೀಲಿಸಿರಿ.
2. ಒಟಿಪಿ ಬರುವ ಸಿಮ್ ಇರುವ ಫೋನ್ ಜೊತೆಯಲ್ಲಿರಲಿ.
3. ಅಪ್‌ಲೋಡ್ ಯಶಸ್ವಿಯಾದ ಸಂದೇಶ ಬರುವವರೆಗೆ ಲಾಗ್ ಔಟ್ ಮಾಡಬೇಡಿರಿ. ಫೋನ್ ಅಥವಾ ಸಿಮ್ ಬದಲಾಯಿಸಬೇಡಿರಿ.
4. ಅಪ್‌ಲೋಡ್ ವಿಫಲವಾದರೆ ಆ್ಯಪ್ ಅಳಿಸದೆ, ಮೊದಲು ಇಂಟರ್ನೆಟ್ ಸಂಪರ್ಕ ಪರಿಶೀಲಿಸಿರಿ. ಆ್ಯಪ್ ಮತ್ತೆ ಲಾಗಿನ್ ಕೇಳಿದರೆ ಅದೇ ಮೊಬೈಲ್ ಸಂಖ್ಯೆಯಿಂದಲೇ ಲಾಗಿನ್ ಆಗಿರಿ.
5. ಮೊಬೈಲ್ ಸಂಖ್ಯೆ ಬದಲಾಗಿದ್ದಲ್ಲಿ, ಫ್ರೂಟ್ಸ್ ತಂತ್ರಾಂಶದಲ್ಲಿನ ನಿಮ್ಮ ಎಫ್‌ಐಡಿ ವಿವರವನ್ನು ಸರಿಪಡಿಸಲು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ಒಂದೇ ಫೋನಿನಲ್ಲಿ ಹಲವು ರೈತರಿಗೆ ನೆರವಾಗುವಾಗ ಒಬ್ಬರ ದಾಖಲೆ ಪೂರ್ಣವಾಗಿ ಅಪ್‌ಲೋಡ್ ಆದ ನಂತರವೇ ಲಾಗ್ ಔಟ್ ಮಾಡಿ, ಮುಂದಿನವರ ಲಾಗಿನ್ ಆರಂಭಿಸಬೇಕು. ರೈತರ ಸಮ್ಮುಖದಲ್ಲಿಯೇ ಒಟಿಪಿ ನಮೂದಿಸಬೇಕು. ದೂರವಾಣಿ ಕರೆಯಲ್ಲಿ ಕೇಳಬಾರದು. ಕರೆ ಮಾಡಿ ಒಟಿಪಿ ಕೇಳುವವರಿಗೆ ಅದನ್ನು ತಿಳಿಸಬಾರದೆಂದು ರೈತರಿಗೂ ಮನವರಿಕೆ ಮಾಡಿಕೊಡಬೇಕು. ಕೆಲಸ ಮುಗಿದ ಬಳಿಕ ಲಾಗ್ ಔಟ್ ಮಾಡುವುದರಿಂದ ರೈತರ ಆಧಾರ್ ಹಾಗೂ ಜಮೀನಿನ ವಿವರಗಳು ಅನ್ಯರ ಕೈಸೇರುವುದನ್ನು ತಪ್ಪಿಸಬಹುದು.