ಗಡ್ಡೆ ತೆಗೆದಾಯ್ತಲ್ಲ, ಮತ್ತೆ ಯಾಕೆ ಕರೀತಾರೆ?

ಆಪರೇಷನ್ ಆಗಿ ಇವತ್ತಿಗೆ 26 ದಿನ. ಎಡಗೈ ಇನ್ನೂ ಭುಜದ ಮಟ್ಟಕ್ಕಷ್ಟೇ ಏಳುತ್ತೆ. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ದಿನಾ ಬೆಳಿಗ್ಗೆ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸ್ತೀನಿ. ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕ್ತೀನಿ. ಮಾರನೇ ದಿನ ಅದಕ್ಕಿಂತ ಒಂದು ಬೆರಳಗಲ ಮೇಲೆ ಹೋದರೆ ಅವತ್ತಿನ ಮಟ್ಟಿಗೆ ಗೆದ್ದಂತೆ.

ಎಡ ಸ್ತನವನ್ನೂ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದಾರೆ. ಗಾಯದ ನೀರು ಇಳಿಯಲು ಹಾಕಿದ್ದ ಪೈಪನ್ನು ಹೋದ ವಾರ ತೆಗೆದರು. ನೋಡೋಕೆ ಬಂದವರೆಲ್ಲ ಹೇಳೋದು ಒಂದೇ ಮಾತು: "ಸದ್ಯ, ಮುಗೀತಲ್ಲ." ಮುಗಿದಿಲ್ಲ ಅಂತ ಹೇಳೋಕೇ ಇದನ್ನು ಬರೀತಿದ್ದೀನಿ.

ವಾರ್ಡಿನಲ್ಲಿ ನನ್ನ ಪಕ್ಕದ ಬೆಡ್ಡಿನಲ್ಲಿದ್ದವರು ಶಿರಾ ಕಡೆಯ ಒಬ್ಬ ಅಕ್ಕ. ಕೂಲಿ ಮಾಡೋರು. ಡಿಸ್ಚಾರ್ಜ್ ದಿನ ನರ್ಸ್ "ರಿಪೋರ್ಟ್ ಬಂದ ಮೇಲೆ ಬನ್ನಿ, ಕೀಮೋ ಬಗ್ಗೆ ಹೇಳ್ತಾರೆ" ಅಂದಾಗ ಅವರು ನನ್ನ ಕಡೆ ತಿರುಗಿ ಕೇಳಿದ್ರು: "ಗಡ್ಡೆ ತೆಗ್ದಾಯ್ತಲ್ಲವ್ವಾ, ಮತ್ತೆ ಯಾಕೆ ಕರೀತಾರೆ?"

ಆ ಪ್ರಶ್ನೆಗೆ ವೈದ್ಯಕೀಯ ಉತ್ತರ ಇದೆ. ಆಪರೇಷನ್ ತೆಗೆಯೋದು ಕಣ್ಣಿಗೆ ಕಾಣುವ ಗಡ್ಡೆಯನ್ನು. ಅಷ್ಟರೊಳಗೆ ಕೆಲವು ಕ್ಯಾನ್ಸರ್ ಕೋಶಗಳು ರಕ್ತದ ಮೂಲಕವೋ ಲಿಂಫ್ ಮೂಲಕವೋ ಮೈಯ ಬೇರೆ ಕಡೆಗೆ ಹೊರಟುಹೋಗಿರಬಹುದು. ಅವು ಯಾವ ಸ್ಕ್ಯಾನ್‌ಗೂ ಸಿಗದಷ್ಟು ಚಿಕ್ಕವು. ಸುಮ್ಮನೆ ಬಿಟ್ಟರೆ ವರ್ಷಗಳ ನಂತರ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಲಿವರ್‌ನಲ್ಲೋ ಬೆಳೆಯಬಹುದು. ಅದನ್ನು ತಡೆಯೋಕೆ ಮುಂದಿನ ಚಿಕಿತ್ಸೆ.

ಯಾವ ಚಿಕಿತ್ಸೆ ಅನ್ನೋದನ್ನು ಪೆಥಾಲಜಿ ರಿಪೋರ್ಟ್ ನೋಡಿ ತೀರ್ಮಾನಿಸ್ತಾರೆ. ಗಡ್ಡೆ ಎಷ್ಟು ದೊಡ್ಡದಿತ್ತು, ಎಷ್ಟು ಗ್ರಂಥಿಗಳಿಗೆ ಹರಡಿತ್ತು ಅನ್ನೋದರ ಜೊತೆಗೆ ಇಆರ್, ಪಿಆರ್, ಹೆರ್-2 ಅನ್ನುವ ಮೂರು ಪರೀಕ್ಷೆಗಳ ಫಲಿತಾಂಶವೂ ಅದರಲ್ಲಿರುತ್ತೆ. ಮೊದಲೆರಡು ಪಾಸಿಟಿವ್ ಅಂದರೆ ಆ ಕ್ಯಾನ್ಸರ್ ಹಾರ್ಮೋನಿನ ನೆರವಿನಿಂದ ಬೆಳೆಯುವಂಥದ್ದು. ಅದಕ್ಕೆ ಮಾತ್ರೆ ಇದೆ. ಹೆರ್-2 ಪಾಸಿಟಿವ್ ಆದರೆ ಸಾಮಾನ್ಯವಾಗಿ ಒಂದು ವರ್ಷ ಟ್ರಾಸ್ಟುಝುಮ್ಯಾಬ್ ಇಂಜೆಕ್ಷನ್ ಬೇಕು.

ನನ್ನ ರಿಪೋರ್ಟ್: ತೆಗೆದ 14 ಗ್ರಂಥಿಗಳಲ್ಲಿ 2ಕ್ಕೆ ಹರಡಿದೆ. ಇಆರ್, ಪಿಆರ್ ಪಾಸಿಟಿವ್, ಹೆರ್-2 ನೆಗೆಟಿವ್. ಹಾಗಾಗಿ ಮೂರು ವಾರಕ್ಕೊಮ್ಮೆ 4 ಕೀಮೋ, ಆಮೇಲೆ ವಾರಕ್ಕೊಂದರಂತೆ 12, ಅದಾದ ಮೇಲೆ ವಾರಕ್ಕೆ ಐದು ದಿನದಂತೆ 15 ದಿನ ರೇಡಿಯೇಷನ್. ಕೊನೆಗೆ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ, ಕನಿಷ್ಠ 5 ವರ್ಷ.

ಮಾತ್ರೆ ಬಿಟ್ಟು ಲೆಕ್ಕ ಹಾಕಿ: 31 ದಿನ ಆಸ್ಪತ್ರೆ. ಜೊತೆಗೊಬ್ಬರು ಬರಲೇಬೇಕು, ಅಂದರೆ 62 ದಿನದ ಕೂಲಿ. ಕೀಮೋ ಆದ ಮೇಲೆ ಏಳಲಾಗದೆ ಮಲಗುವ ದಿನಗಳು, ರಕ್ತಪರೀಕ್ಷೆಯ ಓಡಾಟ ಇದರಲ್ಲಿ ಸೇರಿಲ್ಲ.

ನಮ್ಮಲ್ಲಿ ಯೋಜನೆಗಳಿಲ್ಲ ಅಂತಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತೆ. ಅದು ಜೀವ ಉಳಿಸುವ ಯೋಜನೆ, ಅನುಮಾನವೇ ಬೇಡ. ಆದರೆ ಅದು ಕೊಡೋದು ಆಸ್ಪತ್ರೆಯ ಬಿಲ್ಲು. ಕಳೆದುಕೊಂಡ ಕೂಲಿ, ಊಟ, ರೂಮಿನ ಬಾಡಿಗೆ ಎಲ್ಲ ನಮ್ಮದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಜೊತೆಗೆ ಬರುವ ಗಂಡನೋ ತಮ್ಮನೋ ಟಿಕೆಟ್ ತಗೋಬೇಕು. ಸ್ಲೀಪರ್ ಬಸ್ಸಿಗೆ ಶಕ್ತಿ ಇಲ್ಲ. ಬೀದರ್, ರಾಯಚೂರಿನಿಂದ ರಾತ್ರಿಯಿಡೀ ಬೆಂಗಳೂರಿಗೆ ಬರುವ, ಎದೆಯ ಹೊಲಿಗೆ ಮಾಯದ ಹೆಂಗಸು ಕೂತೇ ಬರಬೇಕು, ಇಲ್ಲವೇ ದುಡ್ಡು ಕೊಟ್ಟು ಮಲಗಬೇಕು.

2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ-ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಹೇಳಿತು. ಅದು ನಿಜಕ್ಕೂ ಆದರೆ ಕೀಮೋ ಓಡಾಟ ತಗ್ಗುತ್ತೆ. ರೇಡಿಯೇಷನ್‌ಗೆ ದೊಡ್ಡ ಯಂತ್ರ ಬೇಕು. ದಿನಕ್ಕೆ ಕೆಲವೇ ನಿಮಿಷದ ಚಿಕಿತ್ಸೆಗಾಗಿ ಮೂರು ವಾರ ಪರಊರಿನಲ್ಲಿ ಉಳೀಬೇಕು.

ಕಳೆದುಕೊಂಡ ಕೂಲಿಯನ್ನು ಯಾರಾದರೂ ಕೊಡ್ತಾರಾ ಅಂತ ನಗಬೇಡಿ. ಇಎಸ್‌ಐ ಇರುವ ಕಾರ್ಮಿಕರಿಗೆ ಕೊಡ್ತಾರೆ. ಎರಡು ವರ್ಷ ಸತತವಾಗಿ ಕೆಲಸ ಮಾಡಿ, ವಂತಿಗೆ ಕಟ್ಟಿದವರಿಗೆ ಕ್ಯಾನ್ಸರ್ ಬಂದರೆ ಕೂಲಿಯ ಶೇ. 80ರಷ್ಟನ್ನು ಗರಿಷ್ಠ ಎರಡು ವರ್ಷದವರೆಗೆ ಕೊಡುವ ನಿಯಮವಿದೆ. ಅಂದರೆ ಕಾಯಿಲೆಯಿಂದ ಮನೆಯಲ್ಲಿ ಮಲಗಿದ ದಿನಕ್ಕೂ ಬೆಲೆ ಇದೆ ಅನ್ನೋ ತತ್ವವನ್ನು ನಮ್ಮ ಕಾನೂನು ಆಗಲೇ ಒಪ್ಪಿಕೊಂಡಿದೆ. ಹೊಲದ ಕೂಲಿಯವರು, ಮನೆಗೆಲಸದವರು, ಪುಟಕ್ಕಿಷ್ಟು ಅಂತ ಕರಡು ತಿದ್ದುವ ನನ್ನಂಥವರು ಆ ಬೇಲಿಯ ಹೊರಗಿದ್ದೀವಿ, ಅಷ್ಟೇ.

ಬೇಲಿ ಸರಿಯುತ್ತೆ. ಟ್ರಾಸ್ಟುಝುಮ್ಯಾಬ್ ಒಂದು ಕಾಲಕ್ಕೆ ಕೈಗೆಟುಕದ ಔಷಧ. ಅದು ಅಗ್ಗವಾಗಬೇಕು ಅಂತ 2012ರ ಹೊತ್ತಿಗೆ ಇಲ್ಲಿ ದೊಡ್ಡ ಅಭಿಯಾನವೇ ನಡೀತು. 2013ರಲ್ಲಿ ರೋಶ್ ಕಂಪನಿ ಭಾರತದಲ್ಲಿ ಪೇಟೆಂಟ್ ಕೈಬಿಟ್ಟಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ ಬಿಡುಗಡೆ ಮಾಡಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಔಷಧಿಗಾಗಿ ಕೇಳಿದಂತೆ ದಿನಗೂಲಿಗಾಗಿಯೂ ಕೇಳಬೇಕು.

ನನ್ನ ಮೊದಲ ಕೀಮೋ ಬರುವ ಸೋಮವಾರ. ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ರಿಪೋರ್ಟ್ ತರೋಕೂ ಅವರು ಹೋಗಿಲ್ಲ. "ಕಡ್ಲೇಕಾಯಿ ಬಿಡ್ಸೋ ಕೆಲ್ಸ ಐತವ್ವ, ಮುಗುದ್ಮೇಲೆ ನೋಡಣ" ಅಂದ್ರು. ಕೀಮೋ ಶುರು ಮಾಡೋದು ಮೂರು ತಿಂಗಳು ದಾಟಿದರೆ ಅದರ ಪ್ರಯೋಜನ ಕುಗ್ಗುತ್ತೆ, ತಡ ಮಾಡಬೇಡಿ ಅಂತ ಮೂರು ಸಲ ಹೇಳಿದೆ. ಯಾಕೆ ಕರೀತಾರೆ ಅಂತಲೂ ಈ ಸಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಸರಿ, ಬತ್ತೀನಿ. ಕೂಲಿ ಯಾರು ಕೊಡ್ತಾರೆ?"

ಈ ಪ್ರಶ್ನೆಗೆ ಡಾಕ್ಟರ ಹತ್ತಿರ ಉತ್ತರ ಇಲ್ಲ. ಇದನ್ನು ಕೇಳಬೇಕಾದ್ದು ವಿಧಾನಸೌಧವನ್ನು.